ಭಯದ ಆಯಸ್ಸು ಎಷ್ಟು ದಿನ?

ಲ್ಯಾಬ್ ರಿಪೋರ್ಟಿನಲ್ಲಿ ಮಿತಿ ಮೀರಿದ ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನಲವತ್ತು ದಾಟಿದವರ ಕೈಗೆ ಮಾಸ್ಟರ್ ಹೆಲ್ತ್ ಚೆಕಪ್ಪಿನ ಹಾಳೆ ಬಂದಾಗ ಕಣ್ಣು ಮೊದಲು ಓಡುವುದು ಅಲ್ಲಿಗೇ. ಖಾಲಿ ಹೊಟ್ಟೆಯ ಶುಗರ್ 114. ಎಚ್‌ಬಿಎ1ಸಿ 6.1. ಟ್ರೈಗ್ಲಿಸರೈಡ್ 230. ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’. ಡಾಕ್ಟರು ಹಾಳೆ ತಿರುವಿ ನೋಡಿ, ‘ಬಾರ್ಡರ್‌ನಲ್ಲಿದೀರ. ಮಾತ್ರೆ ಈಗ್ಲೇ ಬೇಡ, ತೂಕ ಇಳಿಸಿ’ ಅನ್ನುತ್ತಾರೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿರುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆಮೇಲೆ ನಡೆಯುವುದು ಬಹುತೇಕ ಮನೆಗಳಲ್ಲಿ ಒಂದೇ ಥರ. ಅವತ್ತು ರಾತ್ರಿ ತಟ್ಟೆಗೆ ಅನ್ನ ಬೀಳುವುದಿಲ್ಲ. ಮರುದಿನ ಕಾಫಿಗೆ ಸಕ್ಕರೆ ಬಂದ್. ವಾರದೊಳಗೆ ಹೊಸ ಶೂ ಬರುತ್ತದೆ, ಮೊಬೈಲಿಗೆ ಹೆಜ್ಜೆ ಎಣಿಸುವ ಆ್ಯಪ್ ಬರುತ್ತದೆ, ಅಡುಗೆಮನೆಗೆ ಓಟ್ಸ್ ಬರುತ್ತದೆ. ಬೆಳಿಗ್ಗೆ ಎದ್ದರೆ ಮೆಂತ್ಯ ನೆನೆಸಿದ ನೀರು. ಮೂರನೇ ವಾರಕ್ಕೆ ಅಕ್ಕನ ಮಗಳ ಮದುವೆ, ಇಲ್ಲವೇ ಆಫೀಸಿನಲ್ಲಿ ಆಡಿಟ್ಟು, ಇಲ್ಲವೇ ನಾಲ್ಕು ದಿನ ಬಿಡದೆ ಹೊಡೆಯುವ ಮಳೆ. ಎರಡು ತಿಂಗಳ ಹೊತ್ತಿಗೆ ಓಟ್ಸಿಗೆ ಹುಳ ಬಿದ್ದಿರುತ್ತದೆ. ‘ನಂಗೆ ವಿಲ್ ಪವರ್ ಇಲ್ಲ ಕಣ್ರೀ’ ಎಂದು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ.

ಹೀಗೆ ಹೇಳಿಕೊಳ್ಳುವವರು ತಮ್ಮ ಮೇಲೆ ತಾವೇ ಸುಳ್ಳು ಆಪಾದನೆ ಹೊರಿಸಿಕೊಳ್ಳುತ್ತಿದ್ದಾರೆ. ಅವರಲ್ಲಿ ಕೊರತೆ ಇದ್ದದ್ದು ಮನೋಬಲದ್ದಲ್ಲ. ಇದನ್ನು ಸಾಕಷ್ಟು ಹಿಂದೆಯೇ, ತೂಕಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವೇ ಇಲ್ಲದ ಒಂದು ಪ್ರಯೋಗ ತೋರಿಸಿಕೊಟ್ಟಿತ್ತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಒಂದು ಕಿರುಹೊತ್ತಿಗೆ ಓದಲು ಕೊಟ್ಟರು. ಕೆಲವರಿಗೆ ಕೊಟ್ಟದ್ದು ಸಪ್ಪೆ ವಿವರಣೆ. ಇನ್ನು ಕೆಲವರಿಗೆ ಕೊಟ್ಟ ಪ್ರತಿಯಲ್ಲಿ ಎದೆ ಝಲ್ಲೆನ್ನಿಸುವ ವರ್ಣನೆ, ರೋಗಿಗಳ ಬಣ್ಣದ ಚಿತ್ರಗಳು. ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಚುಚ್ಚುಮದ್ದು ಸಿಗುತ್ತದೆ ಎಂದು ಎಲ್ಲರಿಗೂ ಹೇಳಿದ್ದರು. ಭಯಾನಕ ಪ್ರತಿ ಓದಿದವರು ಹೆಚ್ಚು ಹೆದರಿದರು, ‘ಖಂಡಿತ ಹಾಕಿಸಿಕೊಳ್ಳುತ್ತೇನೆ’ ಎಂದು ಹೆಚ್ಚು ಗಟ್ಟಿಯಾಗಿ ಹೇಳಿದರು. ಆದರೆ ನಿಜವಾಗಿ ತೋಳು ಚಾಚಿದವರು ಯಾರೆಂದು ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಹುಡುಕಿದಾಗ ಭಯ ಹೆಚ್ಚೋ ಕಡಿಮೆಯೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಬರೀ ಓದಿದವರಲ್ಲಿ ಹೋದವರು ನೂರಕ್ಕೆ ಮೂರು ಜನ.

ಒಂದು ಗುಂಪಿನಲ್ಲಿ ಮಾತ್ರ ಈ ಪ್ರಮಾಣ ನೂರಕ್ಕೆ 28ರ ಹತ್ತಿರ ಹೋಯಿತು. ಅವರಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಇಷ್ಟೇ: ಆರೋಗ್ಯ ಕೇಂದ್ರಕ್ಕೆ ಗುರುತು ಹಾಕಿದ ಕ್ಯಾಂಪಸ್ಸಿನ ನಕ್ಷೆ, ಮತ್ತು ‘ನಿಮ್ಮ ವಾರದ ವೇಳಾಪಟ್ಟಿ ನೋಡಿಕೊಂಡು ಯಾವಾಗ ಹೋಗಬಹುದು ಯೋಚಿಸಿ’ ಎಂಬ ಸೂಚನೆ. ಅವರು ಕೊನೆಯ ವರ್ಷದವರು, ಆ ಕಟ್ಟಡ ಎಲ್ಲಿದೆ ಎಂದು ಗೊತ್ತಿಲ್ಲದವರಲ್ಲ. ಆದರೂ ನಕ್ಷೆ ಕೆಲಸ ಮಾಡಿತು. ಹಾಗಂತ ಹೆದರಿಕೆಯ ಬರಹವೇ ಇಲ್ಲದೆ ಬರೀ ನಕ್ಷೆ ಕೊಟ್ಟರೆ ಅದೂ ಸಾಲಲಿಲ್ಲ. ಸ್ವಲ್ಪ ಭಯ ಬೇಕು. ಆ ಭಯ ಆರುವ ಮುಂಚೆ ಎಲ್ಲಿ, ಯಾವಾಗ, ಹೇಗೆ ಎಂಬುದು ಕೈಯಲ್ಲಿರಬೇಕು.

ನಮ್ಮ ಡಾಕ್ಟರು ‘ತೂಕ ಇಳಿಸಿ’ ಅಂದಾಗ ರೋಗಿಗೆ ಸಿಗುವುದು ನಕ್ಷೆಯಿಲ್ಲದ ಕಿರುಹೊತ್ತಿಗೆ.

ಚುಚ್ಚುಮದ್ದಿಗೂ ತೂಕಕ್ಕೂ ಎಲ್ಲಿಯ ಹೋಲಿಕೆ, ಜೀವಕ್ಕೇ ಸಂಚಕಾರ ಬಂದರೆ ಯಾರಾದರೂ ಬದಲಾಗುತ್ತಾರೆ ಅನ್ನಿಸಬಹುದು. ಬದಲಾಗುತ್ತಾರೆಯೇ? ‘ಪ್ಯೂರ್’ ಎಂಬ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಹಲವು ದೇಶಗಳಲ್ಲಿ ನಡೆದಿದೆ. ಭಾರತದಲ್ಲಿ ಅದರ ಉಸ್ತುವಾರಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯದು. ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಬದುಕುಳಿದ 7,519 ಜನರ ಬದುಕಿನ ರೀತಿಯನ್ನು ಅದು 2013ರಲ್ಲಿ ವರದಿ ಮಾಡಿತು. ಸಿಗರೇಟು ಬಿಡುವುದು, ಸರಿಯಾಗಿ ಉಣ್ಣುವುದು, ಮೈ ಬಗ್ಗಿಸುವುದು ಈ ಮೂರನ್ನೂ ಪಾಲಿಸುತ್ತಿದ್ದವರು ನೂರಕ್ಕೆ 4.3 ಮಂದಿ. ಮೂರರಲ್ಲಿ ಒಂದನ್ನೂ ಪಾಲಿಸದವರು 14.3. ಐಸಿಯು ಕಂಡು ಬಂದವರ ಕಥೆಯೇ ಹೀಗಿದ್ದರೆ ಎಚ್‌ಬಿಎ1ಸಿ 6.1 ಯಾವ ಲೆಕ್ಕ?

ಭಯ ಯಾಕೆ ಬೇಗ ಆರುತ್ತದೆ ಎಂಬುದಕ್ಕೂ ಲೆವೆಂಥಾಲ್ ಒಂದು ಉತ್ತರ ಕೊಟ್ಟಿದ್ದರು. ಹೆದರಿದ ಮನಸ್ಸಿಗೆ ಎರಡು ದಾರಿ: ಅಪಾಯವನ್ನು ಕಡಿಮೆ ಮಾಡುವುದು, ಇಲ್ಲವೇ ಹೆದರಿಕೆಯನ್ನು ಮಾತ್ರ ಕಡಿಮೆ ಮಾಡಿಕೊಳ್ಳುವುದು. ಎರಡನೆಯದು ಸುಲಭ, ಮತ್ತು ನಾವು ಅದರಲ್ಲಿ ಪಳಗಿದವರು. ‘ನಮ್ಮಜ್ಜ ತುಪ್ಪ ಸುರಕೊಂಡು ತಿಂದು ತೊಂಬತ್ತು ವರ್ಷ ಇದ್ರು’ ಎನ್ನುತ್ತೇವೆ. ಅಜ್ಜ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರು ಎಂಬುದನ್ನು ಬಿಟ್ಟುಬಿಡುತ್ತೇವೆ. ‘ಈಗ ಯಾರಿಗಿಲ್ಲ ಶುಗರ್ರು?’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಇನ್ನೊಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಎರಡು ಪಾಯಿಂಟ್ ಕಡಿಮೆ ಬಂದರೆ ಆ ಹಾಳೆಯನ್ನು ಮೇಲಿಟ್ಟುಕೊಳ್ಳುತ್ತೇವೆ. ಕೊನೆಗೆ, ಚೆಕಪ್ಪಿಗೆ ಹೋಗುವುದನ್ನೇ ನಿಲ್ಲಿಸುತ್ತೇವೆ. ಭಯಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ!

ಎಚ್ಚರಿಕೆಯನ್ನು ಇನ್ನಷ್ಟು ‘ವೈಯಕ್ತಿಕ’ ಮಾಡಿದರೆ ನಾಟೀತು ಎಂದು ಕೆಲವರು ನಂಬಿದ್ದರು. ನಿಮ್ಮ ವಂಶವಾಹಿಯಲ್ಲೇ ಇಂಥ ಕಾಯಿಲೆಯ ಅಪಾಯವಿದೆ ಎಂದು ಡಿಎನ್‌ಎ ಪರೀಕ್ಷೆ ತೋರಿಸಿ ಹೇಳಿದರೆ? ಕೇಂಬ್ರಿಜ್‌ನ ಥೆರೆಸಾ ಮಾರ್ಟೊ ತಂಡ 2016ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಊಟದಲ್ಲಾಗಲಿ ವ್ಯಾಯಾಮದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ವೀಡನ್ನಿನ ಇನ್ನೊಂದು ಪ್ರಯೋಗದಲ್ಲಿ ಮಾತ್ರ ಸ್ವಲ್ಪ ಫಲ ಕಂಡಿತು. ಅಲ್ಲಿನ ಉಮಿಯೊ ವಿಶ್ವವಿದ್ಯಾಲಯದ ಉಲ್ಫ್ ನೆಸ್ಲಂಡ್ ತಂಡ ಮೂರೂವರೆ ಸಾವಿರ ಜನರ ಕತ್ತಿನ ರಕ್ತನಾಳಗಳ ಅಲ್ಟ್ರಾಸೌಂಡ್ ಮಾಡಿ, ಅರ್ಧದಷ್ಟು ಮಂದಿಗೆ ಅವರವರದೇ ನಾಳದ ಚಿತ್ರವನ್ನು ಬಣ್ಣದಲ್ಲಿ ಕಳಿಸಿತು. ವರ್ಷದ ಬಳಿಕ ಅವರ ಹೃದ್ರೋಗದ ಅಪಾಯ ಉಳಿದರ್ಧಕ್ಕಿಂತ ತುಸು ಕಡಿಮೆಯಾಗಿತ್ತು. 2019ರಲ್ಲಿ ಇದು ಪ್ರಕಟವಾದಾಗ ಎಲ್ಲರೂ ಚಿತ್ರದ ಬಗ್ಗೆಯೇ ಮಾತಾಡಿದರು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಚಿತ್ರ ತಲುಪಿದ ಕೆಲವು ವಾರದೊಳಗೆ ಒಬ್ಬ ನರ್ಸ್ ಫೋನ್ ಮಾಡಿ ಮಾತಾಡುತ್ತಿದ್ದರು. ಭಯ ಬಿಸಿಯಾಗಿದ್ದಾಗಲೇ ಆ ಫೋನು ಬಂದಿತ್ತು.

ಹಾಗಾದರೆ ವೈದ್ಯರ ಎಚ್ಚರಿಕೆ ನಿಷ್ಪ್ರಯೋಜಕವೇ? ಅಲ್ಲ. ಅಮೆರಿಕದಲ್ಲಿ ಸಂಶೋಧಕರಾದ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಒಂದು ವಿಶಿಷ್ಟ ದಾಖಲೆ ಪುಸ್ತಕ ತೆರೆದರು. ಕನಿಷ್ಠ 13.6 ಕಿಲೊ ಇಳಿಸಿ, ಕನಿಷ್ಠ ಒಂದು ವರ್ಷ ಅದನ್ನು ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಹೆಸರು ಬರೆಸಲು ಅವಕಾಶ. ಸೋತವರನ್ನು ಬಿಟ್ಟು ಗೆದ್ದವರನ್ನು ಹುಡುಕಿ ಹೋದ ಯೋಜನೆ ಇದು. ಈಗ ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ‘ನಿಮ್ಮನ್ನು ಎಬ್ಬಿಸಿದ್ದು ಏನು?’ ಎಂದು ಅವರನ್ನು ಕೇಳಿದಾಗ ಕೆಲವರು ಆರೋಗ್ಯದ ಕಾರಣ ಹೇಳಿದರು: ಡಾಕ್ಟರು ಎಚ್ಚರಿಸಿದ್ದು, ಮನೆಯಲ್ಲಿ ಯಾರಿಗೋ ಹೃದಯಾಘಾತವಾದದ್ದು. ಕನ್ನಡಿಯಲ್ಲಿ ಕಂಡ ರೂಪ, ಬಿಗಿಯಾದ ಬಟ್ಟೆ ಮೊದಲಾದ ಕಾರಣ ಕೊಟ್ಟವರಿಗಿಂತ ಇವರು ಹೆಚ್ಚು ತೂಕ ಇಳಿಸಿದ್ದರು, ಮುಂದಿನ ಎರಡು ವರ್ಷಗಳಲ್ಲಿ ಮರಳಿ ಗಳಿಸಿದ್ದೂ ಕಡಿಮೆ. ಅಂದರೆ ದಪ್ಪಕ್ಷರದ ಆ ಅಂಕಿಗೆ ಬಲವಿದೆ. ಆದರೆ ಅದು ತೆರೆಯುವ ಬಾಗಿಲು ಕೆಲವು ವಾರ ಮಾತ್ರ ತೆರೆದಿರುತ್ತದೆ.

ಆ ಕೆಲವು ವಾರಗಳಲ್ಲಿ ಮೊದಲು ತಿಳಿಯಬೇಕಾದ ಸಂಗತಿ, ಇಳಿಸಬೇಕಾದ ತೂಕ ನೀವು ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದು. ‘ತೂಕ ಇಳಿಸಿ’ ಎಂದು ಕೇಳಿಸಿಕೊಂಡ 80 ಕಿಲೊ ಮನುಷ್ಯನ ಕಣ್ಣ ಮುಂದೆ ಬರುವುದು ಕಾಲೇಜು ದಿನಗಳ ತನ್ನ 60 ಕಿಲೊ. ಇಪ್ಪತ್ತು ಕಿಲೊ ಎಂದರೆ ಕೈಕಾಲು ಆಡುವುದಿಲ್ಲ. ಅಮೆರಿಕದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಬಾರ್ಡರಿನಲ್ಲಿದ್ದ 3,234 ಮಂದಿಯನ್ನು ತೆಗೆದುಕೊಂಡಾಗ ಕೆಲವರಿಗೆ ಇಟ್ಟ ಗುರಿ ದೇಹತೂಕದ ನೂರಕ್ಕೆ ಏಳರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. 80 ಕಿಲೊ ಮನುಷ್ಯನಿಗೆ ಐದೂವರೆ ಕಿಲೊ ಚಿಲ್ಲರೆ. ಸುಮಾರು ಮೂರು ವರ್ಷಗಳಲ್ಲಿ ಇವರಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ 58 ಶೇಕಡ ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು 31 ಶೇಕಡ. 2002ರ ಈ ಫಲಿತಾಂಶವನ್ನು ಆಮೇಲೆ ಬಿಡಿಸಿ ನೋಡಿದಾಗ, ಇಳಿದ ಒಂದೊಂದು ಕಿಲೊಗೂ ಅಪಾಯ 16 ಶೇಕಡದಷ್ಟು ಕಡಿಮೆಯಾಗಿತ್ತು. ಮೊದಲ ಕಿಲೊ ಇಳಿದಾಗ ಯಾರೂ ‘ಸಣ್ಣ ಆಗಿದೀರಲ್ಲ’ ಅನ್ನುವುದಿಲ್ಲ. ಆದರೆ ಲೆಕ್ಕದಲ್ಲಿ ಆ ಕಿಲೊ ಜಮೆಯಾಗಿರುತ್ತದೆ.

ಇಷ್ಟು ಸಣ್ಣ ಇಳಿಕೆಗೆ ಇಷ್ಟು ದೊಡ್ಡ ಫಲ ಯಾಕೆ? ಇಲ್ಲಿ ಯಕೃತ್ತಿನ ಕಥೆ ಬರುತ್ತದೆ. ನಾವು ಖರ್ಚು ಮಾಡದ ಕ್ಯಾಲೊರಿಯನ್ನು ದೇಹ ಮೊದಲು ಚರ್ಮದ ಕೆಳಗೆ, ತೊಡೆ ಸೊಂಟಗಳಲ್ಲಿ ಕೊಬ್ಬಾಗಿ ಕೂಡಿಡುತ್ತದೆ. ಅದು ನೋಡಲು ಚೆಂದವಲ್ಲದಿರಬಹುದು, ಆದರೆ ತಕ್ಕಮಟ್ಟಿಗೆ ನಿರುಪದ್ರವಿ. ಆ ಜಾಗ ತುಂಬಿದ ಮೇಲೆ ಕೊಬ್ಬು ಯಕೃತ್ತಿಗೂ ಅಲ್ಲಿಂದ ಮೇದೋಜೀರಕ ಗ್ರಂಥಿಗೂ ಹರಿಯುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ನೀವು ರಾತ್ರಿ ಊಟ ಬಿಟ್ಟು ಮಲಗಿದರೂ ಅದು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ‘ರಾತ್ರಿ ಎರಡೇ ಚಪಾತಿ ತಿಂದಿದ್ದು, ಬೆಳಿಗ್ಗೆ ಶುಗರ್ ಹೆಂಗೆ ಜಾಸ್ತಿ ಬಂತು?’ ಎಂಬ ಪ್ರಶ್ನೆಗೆ ಉತ್ತರ ಇದು.

ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ 2011ರಲ್ಲಿ ಹನ್ನೊಂದು ಮಂದಿ ಮಧುಮೇಹಿಗಳಿಗೆ ದಿನಕ್ಕೆ 600 ಕ್ಯಾಲೊರಿಯ ಕಟ್ಟುನಿಟ್ಟಿನ ಆಹಾರ ಕೊಟ್ಟು ಸ್ಕ್ಯಾನ್ ಮಾಡುತ್ತಾ ಹೋದರು. ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು 30 ಶೇಕಡ ಕರಗಿತ್ತು, ಖಾಲಿ ಹೊಟ್ಟೆಯ ಸಕ್ಕರೆ ಮಾಮೂಲಿಗೆ ಬಂದಿತ್ತು. ಕೊನೆಗೆ ತುಂಬಿದ ಕಡೆಯಿಂದಲೇ ಕೊಬ್ಬು ಮೊದಲು ಖಾಲಿಯಾಗುತ್ತದೆ. ಟೇಲರ್ ಮತ್ತು ಗ್ಲಾಸ್ಗೊದ ಮೈಕ್ ಲೀನ್ ಮುಂದೆ ದೊಡ್ಡ ಪ್ರಮಾಣದಲ್ಲಿ ಮಾಡಿದ ‘ಡೈರೆಕ್ಟ್’ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷದೊಳಗಿನ ರೋಗಿಗಳಲ್ಲಿ ನೂರಕ್ಕೆ 46 ಮಂದಿ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹದದಲ್ಲಿಟ್ಟುಕೊಂಡರು. 15 ಕಿಲೊ ಮತ್ತು ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ 86. ಇವೆಲ್ಲ ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು. ಯೂಟ್ಯೂಬ್ ನೋಡಿ 600 ಕ್ಯಾಲೊರಿಗೆ ಇಳಿಯುವ ಸಾಹಸ ಬೇಡ.

‘ನಾನೇನು ಅಷ್ಟು ದಪ್ಪ ಇಲ್ವಲ್ಲ’ ಎನ್ನುವವರಿಗೆ ಒಂದು ಫೋಟೊ ತೋರಿಸಬೇಕು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದದ್ದು. ಅದರಲ್ಲಿ ಇಬ್ಬರು ವೈದ್ಯ ಮಿತ್ರರಿದ್ದಾರೆ: ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ನರದು 9.1 ಶೇಕಡ, ಯಾಜ್ಞಿಕರದು 21.2. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ಇದು ನಮ್ಮ ಉಪಖಂಡದ ಮೈಕಟ್ಟು. ಅದಕ್ಕೇ ಭಾರತೀಯರಿಗೆ ಅಧಿಕ ತೂಕದ ಗೆರೆಯನ್ನು ಬಿಎಂಐ 25ರಿಂದ 23ಕ್ಕೆ, ಬೊಜ್ಜಿನ ಗೆರೆಯನ್ನು 30ರಿಂದ 25ಕ್ಕೆ ಇಳಿಸಿದ್ದಾರೆ. ತಕ್ಕಡಿಗಿಂತ ಟೈಲರ್ ಟೇಪು ನಮಗೆ ಹೆಚ್ಚು ನಿಜ ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅಳೆಯುವಾಗ ಹೊಟ್ಟೆ ಒಳಗೆಳೆದುಕೊಳ್ಳುವಂತಿಲ್ಲ.

ನಮ್ಮವರ ಮೇಲೆಯೇ ನಡೆದ ಪ್ರಯೋಗಗಳೂ ಇವೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಬಾರ್ಡರಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಹಿಂಬಾಲಿಸಿತು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39. ಎರಡು ಅಂಕಿಗಳಲ್ಲಿ ಮೊದಲನೆಯದನ್ನು ಇನ್ನೊಮ್ಮೆ ಓದಿ. ‘ಬಾರ್ಡರ್’ ಅಂದರೆ ಬೇಲಿಯ ಆಚೆ ಇನ್ನೂ ಕಾಲಿಟ್ಟಿಲ್ಲ ಎಂಬ ನೆಮ್ಮದಿಗೆ ಅದರಲ್ಲಿ ಹೆಚ್ಚು ಜಾಗವಿಲ್ಲ. ಅದೇ ತಂಡ ಹೂಡಿದ ಇನ್ನೂ ಅಗ್ಗದ ಉಪಾಯವೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲಸಕ್ಕೆ ಹೋಗುವ 537 ಗಂಡಸರಲ್ಲಿ ಅರ್ಧ ಮಂದಿಗೆ ಮೊಬೈಲಿಗೆ ಎರಡು ವರ್ಷ ಎಸ್ಎಂಎಸ್ ಕಳಿಸುತ್ತಾ ಹೋದರು: ಊಟದ, ನಡಿಗೆಯ ಸಣ್ಣ ಸಣ್ಣ ಸೂಚನೆಗಳು. ಸಂದೇಶ ಬಾರದವರಲ್ಲಿ ನೂರಕ್ಕೆ 27 ಮಂದಿಗೆ ಕಾಯಿಲೆ ಬಂದರೆ, ಬಂದವರಲ್ಲಿ 18. ಹೆದರಿಸುವುದಕ್ಕೆ ಒಂದು ದಿನ ಸಾಕು. ನೆನಪಿಸುವುದಕ್ಕೆ ಎರಡು ವರ್ಷ ಬೇಕು, ಮತ್ತು ಆ ಕೆಲಸ ಒಂದು ಸಾದಾ ಮೊಬೈಲಿನಿಂದಲೂ ಆಗುತ್ತದೆ.

ಇನ್ನು ನಕ್ಷೆಗೆ ಬರೋಣ. ‘ನಾಳೆಯಿಂದ ಕಡಿಮೆ ತಿನ್ನುತ್ತೇನೆ’ ಎಂಬುದು ನಕ್ಷೆಯಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ ತೋರಿಸಿದ ಪ್ರಕಾರ ಸಂಕಲ್ಪ ಫಲಿಸುವುದು ಅದನ್ನು ‘ಹೀಗಾದರೆ ಹೀಗೆ’ ಎಂಬ ವಾಕ್ಯಕ್ಕೆ ಕಟ್ಟಿದಾಗ. ಸಂಜೆ ಕಾಫಿ ಕುಡಿದು ಲೋಟ ಸಿಂಕಿಗೆ ಹಾಕಿದ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ. ಮಳೆ ಬಂದರೆ ಮಹಡಿ ಮೆಟ್ಟಿಲು ಹತ್ತಿಳಿಯುತ್ತೇನೆ. ಮದುವೆ ಊಟದಲ್ಲಿ ಎರಡನೇ ಸುತ್ತು ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಇಲ್ಲಿ ಮನಸ್ಸು ಪ್ರತಿ ಸಲ ತನ್ನೊಡನೆ ತಾನು ಜಗಳ ಆಡಬೇಕಾಗಿಲ್ಲ. ಲೋಟವೋ ಮಳೆಯೋ ಬಡಿಸುವವನೋ ನೆನಪಿಸುತ್ತಾರೆ.

ನನಗೆ ಪರಿಚಯದ ಹೈಸ್ಕೂಲು ಮೇಷ್ಟ್ರೊಬ್ಬರು ಇದನ್ನು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡರು. ಸಾಯಂಕಾಲ ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ ಬಜ್ಜಿ ಗಾಡಿ. ಗಾಡಿಯವನು ಇವರನ್ನು ಕಂಡ ಕೂಡಲೇ ಕೇಳದೆಯೇ ಎರಡು ಮೆಣಸಿನಕಾಯಿ ಬಜ್ಜಿಯನ್ನು ಪೇಪರಿಗೆ ಹಾಕುತ್ತಿದ್ದ. ‘ಬೇಡ’ ಅನ್ನುವುದಕ್ಕೆ ದಾಕ್ಷಿಣ್ಯ. ರಿಪೋರ್ಟು ಬಂದ ವಾರ ಮೇಷ್ಟ್ರು ಬಜ್ಜಿ ಬಿಡುವ ಶಪಥ ಮಾಡಲಿಲ್ಲ. ಒಂದು ಸ್ಟಾಪು ಮೊದಲೇ ಇಳಿದು ಕೆರೆ ಏರಿಯ ಮೇಲಿಂದ ಮನೆಗೆ ಹೋಗಲು ಶುರು ಮಾಡಿದರು. ಬಜ್ಜಿಯೂ ತಪ್ಪಿತು, ಇಪ್ಪತ್ತು ನಿಮಿಷ ನಡಿಗೆಯೂ ಆಯಿತು. ‘ಅವನ ಮುಖ ನೋಡಿದ್ರೆ ಇವತ್ತೂ ತಿಂತೀನಿ’ ಎಂದು ಅವರು ಈಗಲೂ ಒಪ್ಪಿಕೊಳ್ಳುತ್ತಾರೆ.

ಅಡುಗೆಮನೆಯಲ್ಲಿ ನೋಡಬೇಕಾದ ಮೊದಲ ವಸ್ತು ಎಣ್ಣೆ ಪ್ಯಾಕೆಟ್ಟು. ಒಂದು ಲೀಟರ್ ಎಣ್ಣೆಯಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಕ್ಯಾಲೊರಿ ಇದೆ. ಒಂದು ಕಿಲೊ ದೇಹಕೊಬ್ಬಿನಲ್ಲಿರುವುದು ಸುಮಾರು 7,700. ತಿಂಗಳ ದಿನಸಿ ಚೀಟಿಯಲ್ಲಿ ಐದು ಪ್ಯಾಕೆಟ್ ಇದ್ದದ್ದನ್ನು ಮೂರೂವರೆಗೆ ಇಳಿಸಿದರೆ ಯಾರ ತಟ್ಟೆಯನ್ನೂ ಕಾಯಬೇಕಾಗಿಲ್ಲ. ಸಕ್ಕರೆಯದೂ ಇದೇ ಲೆಕ್ಕ: ಎರಡೆರಡು ಚಮಚದ ನಾಲ್ಕು ಕಾಫಿ ಎಂದರೆ ದಿನಕ್ಕೆ 160 ಕ್ಯಾಲೊರಿ, ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ಮಾಮೂಲಿ ನಡಿಗೆಯಲ್ಲಿ ಕರಗುವಷ್ಟು.

ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ರಾಗಿಯಲ್ಲಿ ಬಿಳಿ ಅಕ್ಕಿಯ ಸುಮಾರು ನಾಲ್ಕು ಪಟ್ಟು ನಾರಿದೆ, ಸುಣ್ಣದಂಶ ಬೇಕಾದಷ್ಟಿದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಆದರೆ ಹಿಟ್ಟಿನ ತೂಕಕ್ಕೆ ತೂಕ ಇಟ್ಟು ನೋಡಿದರೆ ಕ್ಯಾಲೊರಿ ಹೆಚ್ಚೇನೂ ಕಡಿಮೆಯಲ್ಲ, ಅಕ್ಕಿಯದು ಒಂದು ರೂಪಾಯಿಯಾದರೆ ರಾಗಿಯದು ಹದಿನಾಲ್ಕಾಣೆ. ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ ಸುಮಾರು 62 ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ ಎಂದು ಐಸಿಎಂಆರ್‌ನ ‘ಇಂಡಿಯಾಬ್’ ಸಮೀಕ್ಷೆ ಹೇಳಿತು. ಒಟ್ಟು ಪಿಷ್ಟ ಅಷ್ಟೇ ಇರಿಸಿ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಮಧುಮೇಹದ ಅಪಾಯ ಕಡಿಮೆಯಾಗುವುದಿಲ್ಲ ಎಂಬುದನ್ನೂ ತೋರಿಸಿತು. ಎರಡು ಮುದ್ದೆಯನ್ನು ಒಂದು ಮಾಡಿ, ಉಳಿದ ಜಾಗಕ್ಕೆ ಹುರುಳಿ ಸಾರಿನ ಕಾಳು, ಬಸ್ಸಾರಿನ ಸೊಪ್ಪು, ಮೊಟ್ಟೆ ಬಂದರೆ ಆಗ ಲೆಕ್ಕ ಬದಲಾಗುತ್ತದೆ.

ಈ ನಕ್ಷೆ ಬರೆಯುವಾಗ ಮನೆಯ ಯಜಮಾನನಿಗೂ ಯಜಮಾನಿಗೂ ಒಂದೇ ಹಾಳೆ ಸಾಲದು. ಗಂಡನಿಗೆ ಬಾರ್ಡರ್ ಎಂದು ಗೊತ್ತಾದರೆ ಇಡೀ ಅಡುಗೆಮನೆ ಅವನ ಸುತ್ತ ತಿರುಗುತ್ತದೆ. ಅದೇ ಅಂಕಿ ಹೆಂಡತಿಯ ರಿಪೋರ್ಟಿನಲ್ಲಿ ಬಂದರೆ? ಬೆಳಗಿನ ಆರು ಗಂಟೆ ಅವಳದಲ್ಲ, ಅದು ಡಬ್ಬಿಗಳದು. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಮಿಕ್ಕಿದ್ದನ್ನು ‘ಚೆಲ್ಲೋದ್ಯಾಕೆ’ ಎಂದು ಬಾಯಿಗೆ ಹಾಕಿಕೊಳ್ಳುವವಳೂ ಅವಳೇ. ಅಂಥವರಿಗೆ ಮನೋಬಲದ ಉಪದೇಶ ಮಾಡುವುದು ಅನ್ಯಾಯ. ಬೆಳಿಗ್ಗೆ ಅರ್ಧ ಗಂಟೆ ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲುವುದೇ ಅವರ ನಕ್ಷೆಯ ಮೊದಲ ಗೆರೆ.

ಎಷ್ಟು ದಿನ ಹೀಗೆ ಎಳೆಯಬೇಕು? ‘21 ದಿನ’ ಎಂಬ ಜನಪ್ರಿಯ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಫಿಲಿಪಾ ಲಾಲಿ 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ನಡು ಅಂದಾಜಿನಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ನಮ್ಮಲ್ಲಿ ಒಂದು ದಿನ ತಪ್ಪಿದ್ದಕ್ಕೆ ಇಡೀ ವ್ರತವೇ ಭಂಗವಾಯಿತೆಂದು ಹೋಳಿಗೆಗೆ ಕೈ ಹಾಕುವವರೇ ಹೆಚ್ಚು.

ದೇಹವೂ ಸುಮ್ಮನೆ ಕೂರುವುದಿಲ್ಲ. ತೂಕ ಇಳಿಯುತ್ತಿದ್ದಂತೆ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ತೂಕ ಇಳಿಸಿ ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರುವುದಿಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ ಹದಿನಾಲ್ಕು ಮಂದಿಯನ್ನು ಸಂಶೋಧಕ ಕೆವಿನ್ ಹಾಲ್ ಆರು ವರ್ಷದ ಮೇಲೆ ಪರೀಕ್ಷಿಸಿದಾಗ, ಸುಮ್ಮನೆ ಮಲಗಿದ್ದಾಗ ಅವರ ದೇಹ ಸುಡುತ್ತಿದ್ದ ಶಕ್ತಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಬಹುತೇಕರು ಕಳೆದುಕೊಂಡದ್ದರಲ್ಲಿ ಸಾಕಷ್ಟನ್ನು ಮರಳಿ ಗಳಿಸಿದ್ದರು. ಈಗ ಬಂದಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಈ ಹಸಿವಿನ ಸಂಕೇತಗಳನ್ನೇ ಮುಟ್ಟುತ್ತವೆ. 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ 15 ಶೇಕಡ ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ವಾಪಸ್ಸು ಬಂತು. ಮದ್ದು ಬೇಕಾದವರು ನಾಚಿಕೆಪಡಬೇಕಿಲ್ಲ, ಆದರೆ ಕೋರ್ಸ್ ಮುಗಿಸಿ ಮರೆಯುವ ಮದ್ದು ಇದಲ್ಲ.

ದಾಖಲೆ ಪುಸ್ತಕದ ಆ ಹತ್ತು ಸಾವಿರ ಮಂದಿ ಏನು ಮಾಡುತ್ತಾರೆ? ನೂರಕ್ಕೆ 75 ಮಂದಿ ವಾರಕ್ಕೊಮ್ಮೆಯಾದರೂ ತಕ್ಕಡಿ ಹತ್ತುತ್ತಾರೆ, 90 ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸುತ್ತಾರೆ. ನಡಿಗೆಯೊಂದರಿಂದಲೇ ತೂಕ ಇಳಿಯುವುದು ಕಷ್ಟ, ಇಳಿದದ್ದನ್ನು ಹಿಡಿದಿಡುವುದು ಅದರ ಕೆಲಸ. ಇದನ್ನು ಮೊದಲೇ ಹೇಳದ ಕಾರಣ ಎಷ್ಟೋ ಮಂದಿ ತಿಂಗಳು ಪೂರ್ತಿ ಪಾರ್ಕ್ ಸುತ್ತಿ, ತಕ್ಕಡಿ ಅಲ್ಲಾಡದ್ದನ್ನು ಕಂಡು ಶೂ ಮೂಲೆಗೆಸೆಯುತ್ತಾರೆ.

ಮನೆಯವರಿಗೆ ಹೇಳಬೇಕಾದದ್ದು ಬೇರೆಯೇ ಇದೆ. ‘ನೋಡು, ಡಾಕ್ಟ್ರು ಹೇಳಿದ್ರೂ ತಿಂತಾನೆ’, ‘ಹೊಟ್ಟೆ ನೋಡ್ಕೊಂಡಿದೀಯಾ?’ ಮುಂತಾದ ಮಾತುಗಳು ಕಾಳಜಿಯಿಂದಲೇ ಬರುತ್ತವೆ. ಅಮೆರಿಕದ ಸಾವಿರಾರು ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಹೊರಬಂತು: ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡರು ಎಂದವರು ಮುಂದೆ ಬೊಜ್ಜಿನ ಮಿತಿ ದಾಟುವ ಸಂಭವ ಇತರರಿಗಿಂತ ಎರಡೂವರೆ ಪಟ್ಟು. ಅವಮಾನವಾದವನು ಪಾರ್ಕಿಗೆ ಹೋಗುವುದಿಲ್ಲ, ಫ್ರಿಜ್ಜಿಗೆ ಹೋಗುತ್ತಾನೆ. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಬಳಗ ತೂಕ ಇಳಿಸುವ ಶಿಬಿರದ 128 ಮಂದಿಯನ್ನು ಸುಮಾರು ಎರಡು ವರ್ಷ ಹಿಂಬಾಲಿಸಿದಾಗ, ಇಳಿದ ತೂಕ ಉಳಿದದ್ದು ‘ಇದು ನನಗೇ ಬೇಕು’ ಎಂದು ಬಂದವರಲ್ಲಿ. ಹೆಂಡತಿಗಾಗಿ, ಡಾಕ್ಟರಿಗಾಗಿ, ನಾಚಿಕೆಗಾಗಿ ಬಂದವರಲ್ಲಿ ಅಷ್ಟು ಉಳಿಯಲಿಲ್ಲ. ಆದ್ದರಿಂದ ‘ತಿನ್ನಬೇಡ’ ಅನ್ನುವ ಬದಲು ‘ನಿನಗೆ ಯಾವುದು ಸುಲಭ ಅನ್ಸುತ್ತೆ?’ ಎಂದು ಕೇಳುವುದೇ ಲೇಸು. ಶಬರಿಮಲೆ ಬೆಟ್ಟ ಹತ್ತುವುದು, ಮೊಮ್ಮಗುವನ್ನು ಎತ್ತಿಕೊಂಡು ಮಹಡಿ ಏರುವುದು, ಮಂಡಿ ನೋವಿಲ್ಲದೆ ಗದ್ದೆ ಬದುವಿನ ಮೇಲೆ ನಡೆಯುವುದು ಹೀಗೆ ಅವರವರ ಕಾರಣ ಅವರವರ ಬಾಯಿಂದಲೇ ಬರಬೇಕು.

ಇಷ್ಟು ಮಾಡಿದರೆ ಎಷ್ಟು ಸಿಗುತ್ತದೆ? ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಬಾರ್ಡರಿನಲ್ಲಿದ್ದ 577 ಮಂದಿಯಲ್ಲಿ ಹೆಚ್ಚಿನವರಿಗೆ ಆರು ವರ್ಷ ಊಟದ, ವ್ಯಾಯಾಮದ ಕಾರ್ಯಕ್ರಮ ನಡೆಯಿತು. ಮೂವತ್ತು ವರ್ಷದ ಬಳಿಕ ಲೆಕ್ಕ ಹಾಕಿದಾಗ, ಪಾಲ್ಗೊಂಡವರಿಗೆ ಉಳಿದವರಿಗಿಂತ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯಾಘಾತ ಪಾರ್ಶ್ವವಾಯುಗಳು ಕಾಲು ಭಾಗದಷ್ಟು ಕಡಿಮೆಯಾಗಿದ್ದವು, ಆಯಸ್ಸು ಸುಮಾರು ಒಂದೂವರೆ ವರ್ಷ ಹೆಚ್ಚಿತ್ತು. ಪವಾಡವೇನಲ್ಲ. ಆದರೆ ಕಣ್ಣು, ಮೂತ್ರಪಿಂಡ, ಕಾಲುಗಳು ಸರಿಯಾಗಿರುವ ನಾಲ್ಕು ವರ್ಷಕ್ಕೆ ಬೆಲೆ ಕಟ್ಟುವವರು ಯಾರು?

ಕೊನೆಯದಾಗಿ ಎರಡು ಎಚ್ಚರಿಕೆ. ಈಗಾಗಲೇ ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕಾಣಲೇಬೇಕು; ಊಟ ಇಳಿದು ಡೋಸ್ ಹಾಗೇ ಉಳಿದರೆ ಸಕ್ಕರೆಯೋ ರಕ್ತದೊತ್ತಡವೋ ಪಾತಾಳಕ್ಕಿಳಿದು ತಲೆ ತಿರುಗಿ ಬೀಳುವ ಅಪಾಯವಿದೆ. ಇನ್ನೊಂದು, ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ, ಜೊತೆಗೆ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಸುಸ್ತು ಇದ್ದರೆ ಖುಷಿಪಡಬೇಡಿ. ಅದು ಸಕ್ಕರೆ ಮಿತಿ ಮೀರಿರುವುದರ ಲಕ್ಷಣ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.